ಪುಂಡಿಪಲ್ಯದ ಗಡಿಗೆಯ ಜೀರ್ಣೋದ್ಧಾರ

ಗಂಟು ಹಾಕುವುದರಲ್ಲಿ ನಾನು ನಿಪುಣ. ಇದು ಜಂಬದ ಮಾತಲ್ಲ. ಕೊಪ್ಪಳದ ನಮ್ಮ ಸಾಲೆಯಿಂದ ಒಬ್ಬ ಮಾಸ್ತರನನ್ನು ರಾಯಚೂರಿಗೆ ಸ್ಕೌಟ್ ತರಬೇತಿಗೆ ಕಳಿಸಬೇಕಾಗಿ ಬಂದಾಗ, ಉಳಿದವರೆಲ್ಲ ಅಲ್ಲಿಯ ಬಿಸಿಲಿಗೆ ಹೆದರಿ ಹಿಂದೆ ಸರಿದರು. ನಾನು ಹೋದೆ. ಹತ್ತು ದಿನ ಇದ್ದು ಎಂಟು ಬಗೆಯ ಗಂಟು ಕಲಿತು ಬಂದೆ. ಎಂಟರಲ್ಲಿ ಒಂದಂತೂ ಆನೆ ಎಳೆದರೂ ಬಿಚ್ಚುವುದಿಲ್ಲವೆಂದು ಕಲಿಸಿದವರು ಹೇಳಿದ್ದರು. ಅಲ್ಲಿ ಆನೆ ಇರಲಿಲ್ಲವಾದ್ದರಿಂದ ನಾವು ಆ ಮಾತನ್ನು ನಂಬಿದೆವು.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಯುದ್ಧ ಎಲ್ಲಿಯದೋ ಏನೋ, ಕೊಪ್ಪಳದ ಪೇಟೆಯಲ್ಲಿ ಮಾತ್ರ ತಾಮ್ರ ಹಿತ್ತಾಳೆಯ ಪಾತ್ರೆಗಳು ಕಣ್ಣಿಗೆ ಬೀಳದಂತಾಗಿದ್ದವು. ಮನೆಯಲ್ಲಿದ್ದ ಪಾತ್ರೆಗಳನ್ನೇ ಜನ ಮಕ್ಕಳಂತೆ ಜೋಪಾನ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ನಾವು ಮೂವರು: ನನ್ನ ಅವ್ವ, ನನ್ನ ಹೆಂಡತಿ ನೀಲವ್ವ ಮತ್ತು ನಾನು. ನಾಲ್ಕನೆಯದಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅವ್ವನ ಪುಂಡಿಪಲ್ಯದ ಗಡಿಗೆ.

ಅದು ಮಣ್ಣಿನ ಗಡಿಗೆ. ಅಪ್ಪ ಬದುಕಿದ್ದಾಗ ಯಲಬುರ್ಗಿಯ ಕಡೆಯ ಒಬ್ಬ ಕುಂಬಾರನ ಹತ್ತಿರ ಹೇಳಿ ಮಾಡಿಸಿದ್ದು. ಇಪ್ಪತ್ತು ವರ್ಷ ಒಲೆಯ ಮೇಲೆ ಕೂತು, ಎಣ್ಣೆ ಕುಡಿದು, ಹೊಗೆ ಕುಡಿದು, ಕರಿಕಲ್ಲಿನ ಹಾಗೆ ನುಣ್ಣಗಾಗಿತ್ತು. ಅದರಲ್ಲಿ ಪುಂಡಿಪಲ್ಯವಲ್ಲದೆ ಬೇರೆ ಏನನ್ನೂ ಬೇಯಿಸಕೂಡದು. ಪುಂಡಿಸೊಪ್ಪಿನ ಹುಳಿ, ಜೋಳದ ನುಚ್ಚು, ಬೆಳ್ಳುಳ್ಳಿಯ ಒಗ್ಗರಣೆ ಇವೆಲ್ಲ ಬೇರೆಯವರ ಮನೆಯಲ್ಲೂ ಇದ್ದವು. ಆ ಗಡಿಗೆ ಇರಲಿಲ್ಲ. ಓಣಿಯ ಹೆಣ್ಣುಮಕ್ಕಳು ಪಲ್ಯದ ರುಚಿಯನ್ನು ಹೊಗಳಿದರೆ ಅವ್ವ, “ನಂದೇನೈತ್ರಿ, ಎಲ್ಲಾ ಆ ಗಡಿಗೀದು” ಎನ್ನುತ್ತಿದ್ದಳು. ಅದು ವಿನಯ ಎಂದು ಅವರು ತಿಳಿದುಕೊಳ್ಳುತ್ತಿದ್ದರು. ಅವ್ವ ನಿಜವನ್ನೇ ಹೇಳುತ್ತಿದ್ದಳು.

ಒಂದು ಗುರುವಾರ ಅವ್ವ ಹುಲಿಗೆಮ್ಮನ ದರ್ಶನಕ್ಕೆಂದು ರೈಲಿಗೆ ಹೊರಟಳು. ಹುಲಿಗಿಯಿಂದ ಹಾಗೇ ಗಂಗಾವತಿಗೆ ಹೋಗಿ, ನನ್ನ ಅಕ್ಕನ ಮನೆಯಲ್ಲಿ ಎರಡು ವಾರವಿದ್ದು ಬರುವುದೆಂದು ಗೊತ್ತಾಗಿತ್ತು. ಹೊರಡುವಾಗ ಹೊಸ್ತಿಲಲ್ಲಿ ನಿಂತು ನೀಲವ್ವನಿಗೆ ಹಿಟ್ಟು, ಹಾಲು, ಹಸು ಎಲ್ಲದರ ಬಗ್ಗೆ ಹೇಳಿದಳು. ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

“ಶಂಕ್ರಾ, ನಾ ಬರೂತನಾ ಮನ್ಯಾಗ ಏನೂ ರಿಪೇರಿ ಮಾಡಬ್ಯಾಡ.”

ಈ ಮಾತಿನಿಂದ ನನಗೆ ನೋವಾಯಿತು. ಹಿಂದೊಮ್ಮೆ ಬಾಗಿಲಿನ ಚಿಲಕವನ್ನು ನಾನು ಸರಿಮಾಡಿದ ಮೇಲೆ, ಒಳಗಿನಿಂದ ಹಾಕಿದರೆ ಹೊರಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತೆಂಬುದು ನಿಜ. ಆದರೆ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದೇ?

ಮರುದಿನ ಶುಕ್ರವಾರ, ನಿಜಾಮರ ಆಳ್ವಿಕೆಯಲ್ಲಿ ಸಾಲೆಗೆ ರಜೆಯ ದಿನ. ಅಡುಗೆಮನೆಯಲ್ಲಿ ನೀರು ಕುಡಿಯುತ್ತ ಮೇಲೆ ನೋಡಿದೆ. ತೊಲೆಗೆ ಕಟ್ಟಿ ಇಳಿಬಿಟ್ಟ ನೆಲುವಿನಲ್ಲಿ ಅವ್ವನ ಗಡಿಗೆ ತೂಗುತ್ತಿತ್ತು. ನೆಲುವಿನ ಹಗ್ಗ ಒಂದು ಕಡೆ ಸವೆದು ನಾರು ಎದ್ದಿತ್ತು. ಇಂದೋ ನಾಳೆಯೋ ಹಗ್ಗ ಹರಿದು ಗಡಿಗೆ ಬಿದ್ದರೆ ಗತಿಯೇನು! ಇದು ರಿಪೇರಿಯಲ್ಲ, ಮುಂಜಾಗ್ರತೆ ಎಂದು ತೀರ್ಮಾನಿಸಿದೆ. ಹೊಸ ಹಗ್ಗ ತಂದೆ. ಆನೆ ಎಳೆದರೂ ಬಿಚ್ಚದ ಆ ಗಂಟನ್ನೇ ಹಾಕಿದೆ. ಗಡಿಗೆಯನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನೀಲವ್ವನನ್ನು ಕರೆದೆ.

“ಬಾ ಇಲ್ಲೆ. ಇದಕ್ಕ ಅಂತಾರ ನೋಡು ಗಂಟು.”

ಅವಳು ಒಳಗೆ ಕಾಲಿಡುವುದಕ್ಕೂ ಗಡಿಗೆ ಕೆಳಗೆ ಬರುವುದಕ್ಕೂ ಸರಿಹೋಯಿತು. ಆನೆ ಎಳೆದಿರಲಿಲ್ಲ. ಯಾರೂ ಎಳೆದಿರಲಿಲ್ಲ!

ನೀಲವ್ವ ಬಗ್ಗಿ ಎಣಿಸಿದಳು.

“ಮೂರ ಚೂರು ಆಗೈತ್ರಿ.”

“ಮೂರೇ!” ಎಂದೆ ಉತ್ಸಾಹದಿಂದ. “ಮೂವತ್ತು ಆಗಿದ್ರ ಕಠಿಣ ಇತ್ತು. ಮೂರ ಕೂಡಿಸಿದ್ರ ಒಂದು.”

“ಅವ್ವಗ ಏನ ಹೇಳತೀರಿ?”

“ಹೇಳೂದು ಏನೈತಿ? ಅಕಿ ಬರೂದ್ರೊಳಗ ಇದ್ದಂಗ ಮಾಡಿ ಇಡತೇನಿ.”

ನೀಲವ್ವ ನನ್ನ ಮುಖ ನೋಡಿದಳು. “ಹೇಳೂದ ಛಲೋರಿ” ಎಂದಳು. ಆ ಮೂರು ಚೂರುಗಳಲ್ಲಿ ಒಂದನ್ನು ನಾನಾಗಲೇ ಇನ್ನೊಂದಕ್ಕೆ ಹಿಡಿದು ನೋಡುತ್ತಿದ್ದೆ. ಎಷ್ಟು ಚಂದ ಕೂಡುತ್ತಿದ್ದವು! ಇಂಥ ಚೂರುಗಳು ಕೈಗೆ ಸಿಕ್ಕಿದಾಗ ಯಾವ ಗಂಡಸಿಗಾದರೂ ಬುದ್ಧಿ ನೆಟ್ಟಗಿರುವುದು ಕಷ್ಟ.

ಮೊದಲ ಪ್ರಯತ್ನ ನನ್ನ ವೃತ್ತಿಗೆ ಸಂಬಂಧಿಸಿದ್ದು. ಸಾಲೆಯಲ್ಲಿ ಹರಿದ ನಕಾಶೆಗಳನ್ನು ನಾವು ಹಿಟ್ಟಿನ ಅಂಟು ಕುದಿಸಿ ಬಟ್ಟೆಗೆ ಅಂಟಿಸುತ್ತಿದ್ದೆವು. ಇಡೀ ಹಿಂದುಸ್ತಾನವನ್ನೇ ಹಿಡಿದು ನಿಲ್ಲಿಸಿದ ಅಂಟು ಒಂದು ಗಡಿಗೆಯನ್ನು ಹಿಡಿಯಲಾರದೇ? ಹಿಡಿಯಿತು. ಒಣಗಿದ ಮೇಲೆ ಎತ್ತಿ ನೋಡಿದರೆ ಗಡಿಗೆ ಗಡಿಗೆಯಂತೆಯೇ ಇತ್ತು. ನೀರು ಹಾಕಿದೆ. ಅಂಟು ಕರಗಿ ಅಂಬಲಿಯಾಯಿತು. ಮೂರು ಚೂರುಗಳು ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಒಂದೊಂದು ದಿಕ್ಕಿಗೆ ಒರಗಿದವು.

“ನಕಾಶೀ ಮ್ಯಾಲ ಯಾರೂ ನೀರು ಕಾಸೂದಿಲ್ಲರಿ” ಎಂದಳು ನೀಲವ್ವ, ನೆಲ ಒರೆಸುತ್ತ.

ಈ ಮಾತಿನಲ್ಲಿ ಸತ್ಯಾಂಶವಿತ್ತು. ನೀರಿಗೆ ಜಗ್ಗದ ಪದಾರ್ಥ ಬೇಕು. ಹಿತ್ತಲಲ್ಲಿ ನಿಂತು ಯೋಚಿಸುವಾಗ ದೂರದ ಬೆಟ್ಟದ ಮೇಲಿನ ಕೋಟೆ ಕಣ್ಣಿಗೆ ಬಿತ್ತು. ಎಷ್ಟು ಮಳೆ, ಎಷ್ಟು ಗುಂಡು ಕಂಡಿದೆಯೋ, ಇಂದಿಗೂ ನಿಂತಿದೆ. ಹಳೆಯ ಕಾಲದವರು ಗಾರೆಗೆ ಸುಣ್ಣದ ಜೊತೆ ಬೆಲ್ಲ ಕಲಸುತ್ತಿದ್ದರೆಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆ. ಪಾಠ ಹೇಳಿದವನು ಪ್ರಯೋಗಕ್ಕೆ ಹೆದರಬಾರದು. ನೀಲವ್ವನ ಡಬ್ಬಿಯಿಂದ ಬೆಲ್ಲ ತೆಗೆದೆ, ಎಲೆಯಡಿಕೆಯ ಸುಣ್ಣ ಸಾಲದೆ ಗೋಡೆಗೆ ಬಳಿಯುವ ಸುಣ್ಣ ತಂದೆ, ಕಲಸಿದೆ, ಮೆತ್ತಿದೆ.

“ಏನದು?”

“ಕ್ವಾಟಿ ಕಟ್ಟಿದ ಗಾರಿ.”

“ಕ್ವಾಟಿ ಮ್ಯಾಲ ಯಾರರೆ ಪಲ್ಯ ಮಾಡ್ಯಾರೇನ್ರಿ?”

ಬೆಳಿಗ್ಗೆ ಎದ್ದು ನೋಡಿದಾಗ ಗಡಿಗೆ ಕಾಣಿಸಲೇ ಇಲ್ಲ. ಕಂಡದ್ದು ಗಡಿಗೆಯ ಆಕಾರದ ಇರುವೆಗಳು! ಕೊಪ್ಪಳದ ಕೆಂಪಿರುವೆ, ಕಪ್ಪಿರುವೆ ಎರಡೂ ಪಂಗಡಗಳು ವೈರ ಮರೆತು ಒಂದೇ ಪಂಕ್ತಿಯಲ್ಲಿ ಕೂತಿದ್ದವು. ಅವುಗಳನ್ನು ಎಬ್ಬಿಸಲು ಹೋಗಿ ನನ್ನ ಎರಡೂ ಕೈ ಉಬ್ಬಿದವು. ಮೂರು ದಿನ ಬಿಟ್ಟು, ಗಾರೆ ಗಟ್ಟಿಯಾದ ಮೇಲೆ ಒಲೆಗೆ ಏರಿಸಿದೆವು. ಬಿಸಿಗೆ ಬೆಲ್ಲ ಪಾಕವಾಗಿ ಒಲೆಯೊಳಗೆ ಹನಿಯಿತು. ಮನೆಯೆಲ್ಲ ಹೋಳಿಗೆಯ ವಾಸನೆ ಬಂತು. ಓಣಿಯ ಇಬ್ಬರು ಹೆಂಗಸರು ಇಣುಕಿ, “ಏನ ವಿಶೇಷ, ನೀಲವ್ವಾ?” ಎಂದು ಕೇಳಿ ಹೋದರು.

ಮೂರನೆಯ ಉಪಾಯ ನನಗೆ ಸಾಲೆಯ ಸಹೋದ್ಯೋಗಿಯೊಬ್ಬರ ಮಾತಿನಿಂದ ಹೊಳೆಯಿತು. ಹೈದರಾಬಾದಿನಲ್ಲಿ ಚೀನಿಯ ಬಟ್ಟಲು ಒಡೆದರೆ ತತ್ತಿಯ ಬಿಳಿಯನ್ನು ಸುಣ್ಣಕ್ಕೆ ಕಲಸಿ ಅಂಟಿಸುತ್ತಾರಂತೆ. ಕಲ್ಲಿನ ಹಾಗೆ ಆಗುತ್ತದಂತೆ. ಅವರು ಇದನ್ನು ಸುಮ್ಮನೆ ಹೇಳಿದ್ದು. ನನಗೆ ಅದು ಅಪ್ಪಣೆಯಂತೆ ಕೇಳಿಸಿತು.

ಆದರೆ ನಾವು ಲಿಂಗ ಕಟ್ಟಿದ ಮನೆತನದವರು. ನಮ್ಮ ಹೊಸ್ತಿಲನ್ನು ಅಂದಿನವರೆಗೆ ಒಂದು ತತ್ತಿಯೂ ದಾಟಿರಲಿಲ್ಲ. ನಮ್ಮ ಓಣಿಯ ಕೊನೆಯ ಮನೆ ಹಕೀಮ ಸಾಹೇಬರದು. ಬೆಳ್ಳನೆಯ ಗಡ್ಡದ ಹಿರಿಯರು. ಅರ್ಧ ಕೊಪ್ಪಳ ಅವರ ಔಷಧದ ಮೇಲೆ ನಡೆಯುತ್ತಿತ್ತು. ಅವರ ಹಿತ್ತಲಲ್ಲಿ ಕೋಳಿಗಳಿದ್ದವು. ಸಾಲೆಗೆ ಹೋಗುವ ದಾರಿಯಲ್ಲಿ ಅವರ ಕಟ್ಟೆಯ ಹತ್ತಿರ ನಿಂತು, ತಗ್ಗಿದ ದನಿಯಲ್ಲಿ ಕೇಳಿದೆ.

“ತತ್ತಿ?” ಹಕೀಮರು ಕಣ್ಣರಳಿಸಿದರು. “ನಿಮಗ ಯಾಕ ಬೇಕ್ರಿ, ಮಾಸ್ತರ?”

“ಕೂದಲ ಉದರಾಕತ್ತಾವರಿ. ತಲೀಗೆ ಹಚ್ಚಾಕ.”

ನನ್ನ ತಲೆಯಲ್ಲಿ ಕೂದಲು ಬೇಕಾದಷ್ಟಿತ್ತು. ಹಕೀಮರು ಒಂದು ಸಲ ಆ ಕಡೆ ನೋಡಿದರು. ಏನೂ ಹೇಳದೆ ಒಳಗಿನಿಂದ ಒಂದು ತತ್ತಿ ತರಿಸಿ ಕೊಟ್ಟರು. ಅದನ್ನು ಶೇರ್ವಾನಿಯ ಬದಿಯ ಜೇಬಿನಲ್ಲಿಟ್ಟು ನಾನು ಸಾಲೆಗೆ ನಡೆದ ರೀತಿಯನ್ನು ನೋಡಿದ ಹುಡುಗರು, ಮಾಸ್ತರರಿಗೆ ಸೊಂಟ ಹಿಡಿದಿದೆಯೆಂದು ಮಾತಾಡಿಕೊಂಡರಂತೆ. ಪ್ರಾರ್ಥನೆಯವರೆಗೆ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಹೆಡ್ ಮಾಸ್ತರರು ಕರೆಸಿ, “ಬರ್ರಿ, ಕೂಡ್ರಿ” ಎಂದರು.

“ನಿಂತೇ ಇರ್ತೇನ್ರಿ.”

“ಅರೆ, ಕೂಡ್ರಿ.”

“ನಿಂತ್ರೇನ ಛಲೋ ಅನಸ್ತೈತ್ರಿ.”

“ಏ ಕೂಡ್ರಿ ಅಂದ್ರ!”

ಕೂತೆ.

ಆ ಮದ್ದಿನ ಶಕ್ತಿಗೆ ನಾನೇ ಸಾಕ್ಷಿ. ಸಂಜೆಯ ಹೊತ್ತಿಗೆ ಜೇಬು, ಜೇಬಿನಲ್ಲಿದ್ದ ಸೀಮೆಸುಣ್ಣ, ಕರವಸ್ತ್ರ ಮೂರೂ ಸೇರಿ ಒಂದೇ ವಸ್ತುವಾಗಿದ್ದವು. ಇಂದಿಗೂ ಅವನ್ನು ಬೇರ್ಪಡಿಸಲು ಆಗಿಲ್ಲ. ಗಡಿಗೆಗೆ ಮಾತ್ರ ಒಂದು ಹನಿಯೂ ಉಳಿಯಲಿಲ್ಲ. ಇನ್ನೊಂದು ತತ್ತಿ ಕೇಳಲು ಧೈರ್ಯವಾಗಲಿಲ್ಲ. ಅಷ್ಟು ಕೂದಲಿರುವವನು ಎರಡನೆಯ ತತ್ತಿಗೆ ಯಾವ ಕಾರಣ ಹೇಳಬೇಕು?

ಅವ್ವ ಬರುವುದಕ್ಕೆ ಆರು ದಿನ ಉಳಿದಿತ್ತು. ನೀಲವ್ವ ಮತ್ತೆ, “ಹೇಳಿಬಿಡೂಣ್ರಿ. ಅವ್ವ ಏನ ನುಂಗತಾಳೇನ?” ಎಂದಳು. ಆಗಲೇ ಅಕ್ಕನ ಕಾಗದ ಬಂತು. ಅವ್ವ ಬರುವಾಗ ಅಕ್ಕನ ಅತ್ತೆ ಬಸಮ್ಮನವರನ್ನೂ ಕರೆದುಕೊಂಡು ಬರುತ್ತಾಳಂತೆ. ಈ ಬೀಗತಿಗೂ ಅವ್ವನಿಗೂ ಹತ್ತು ವರ್ಷದಿಂದ ಒಂದು ವಾದ ನಡೆದಿತ್ತು. ಗಂಗಾವತಿಯವರು ಗದ್ದೆಯ ಸೀಮೆಯವರು, ಅನ್ನ ಉಣ್ಣುವವರು. ಕೊಪ್ಪಳದ ಪುಂಡಿಪಲ್ಯ ಎಂದರೆ ಬರೀ ಹುಳಿ ಎಂದು ಬಸಮ್ಮನವರು ಎಲ್ಲರ ಮುಂದೆ ಹೇಳುತ್ತಿದ್ದರು. ಈ ಸಲ ಅವ್ವ ಅವರನ್ನು ಕರೆತರುತ್ತಿದ್ದದ್ದೇ ತನ್ನ ಗಡಿಗೆಯ ಮುಂದೆ ಕೂಡಿಸಿ ಉಣಿಸಿ ಬಾಯಿ ಮುಚ್ಚಿಸಲು! ಕಾಗದ ಓದಿ ನಾನು ಗೋಡೆಗೆ ಒರಗಿದೆ. ನೀಲವ್ವನೂ ‘ಹೇಳಿಬಿಡೂಣ’ ಎನ್ನುವುದನ್ನು ನಿಲ್ಲಿಸಿದಳು.

ಅಂದೇ ನಾನು ರೈಲು ಸ್ಟೇಷನ್ನಿಗೆ ಹೋದೆ. ಅಲ್ಲಿ ಇಂಜಿನ್ನುಗಳಿಗೆ ನೀರು ತುಂಬುವ ದೊಡ್ಡ ಟಾಕಿ ಇತ್ತು, ಅದರ ಪೈಪುಗಳನ್ನು ನೋಡಿಕೊಳ್ಳುವ ಒಬ್ಬ ಮಿಸ್ತ್ರಿ ಇದ್ದ. ಅಷ್ಟು ನೀರನ್ನು ಹಿಡಿದಿಟ್ಟವನ ಹತ್ತಿರ ಒಂದು ಗಡಿಗೆಗಾಗುವ ಮದ್ದು ಇರಲೇಬೇಕು. ಆದರೆ ಒಬ್ಬ ಮಾಸ್ತರನಾಗಿ, ಗಡಿಗೆ ಒಡೆದಿದೆ ಎಂದು ಹೇಗೆ ಹೇಳುವುದು?

“ನಮ್ಮ ಸಾಲಿ ಟಾಕಿ ಸೋರಾಕತ್ತೈತಿ” ಎಂದೆ.

ನಮ್ಮ ಸಾಲೆಗೆ ಟಾಕಿಯೇ ಇರಲಿಲ್ಲ.

“ಕುಡಿಯೂ ನೀರಿಂದೇನ್ರಿ?” ಎಂದು ಮಿಸ್ತ್ರಿ ಕೇಳಿದ. ಎಂಥ ಸರಿಯಾದ ಪ್ರಶ್ನೆ! ಆ ಹದಿನೈದು ದಿನಗಳಲ್ಲಿ ಕೇಳಬೇಕಾದದ್ದನ್ನು ಕೇಳಿದ ಏಕೈಕ ಮನುಷ್ಯ ಅವನು.

“ಛೆ ಛೆ, ಗಿಡಕ್ಕ ಹಾಕೂ ನೀರು” ಎಂದುಬಿಟ್ಟೆ.

ಅವನು ಕಾಗದದಲ್ಲಿ ಒಂದಿಷ್ಟು ಬಿಳಿ ಪುಡಿ ಕಟ್ಟಿಕೊಟ್ಟ. ಅದಕ್ಕೆ ಸಫೇದಾ ಎಂದು ಹೆಸರು. ಶೀಶೆಯಲ್ಲಿ ಅಗಸೆ ಎಣ್ಣೆ ಕೊಟ್ಟ. “ಎರಡೂ ಕಲಸಿ ನಾದ್ರಿ. ಹಚ್ಚಿ ನಾಕ ದಿನಾ ಬಿಸಲಿಗೆ ಇಡ್ರಿ. ಒಂದ ಹನಿ ಸೋರಿದ್ರ ನನ್ನ ಕೇಳ್ರಿ” ಎಂದ.

ಈ ಸಲ ನಾನು ಶ್ರದ್ಧೆಯಿಂದ ಕೆಲಸ ಮಾಡಿದೆ. ಚೂರುಗಳ ಅಂಚನ್ನು ತೊಳೆದೆ, ಒಣಗಿಸಿದೆ, ಸಫೇದಾವನ್ನು ಬೆಣ್ಣೆಯಂತೆ ನಾದಿ ಕೂದಲೆಳೆಯಷ್ಟು ತೆಳ್ಳಗೆ ಹಚ್ಚಿದೆ. ಕೂಡಿಸಿ, ಮೇಲೆ ಹಗ್ಗ ಸುತ್ತಿದೆ. ಈ ಹಗ್ಗಕ್ಕೆ ಗಂಟು ಹಾಕಿದ್ದು ನೀಲವ್ವ. ಮಾಳಿಗೆಯ ಮೇಲೆ ನಾಲ್ಕು ದಿನ ಕೊಪ್ಪಳದ ಬಿಸಿಲು ಅದನ್ನು ಬೇಯಿಸಿತು. ಇಳಿಸಿ ನೀರು ತುಂಬಿದೆ. ಒಂದು ಹನಿ ಇಲ್ಲ! ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ನೀರು ಕಾಸಿದೆ. ಒಂದು ಹನಿ ಇಲ್ಲ! ಕಿವಿಯಿಟ್ಟು ಕೇಳಿದೆ, ಬೆರಳಿನಿಂದ ತಟ್ಟಿದೆ. ಬಿಳಿಯ ಗೆರೆ ಕಾಣದಂತೆ ಎಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ಸವರಿದೆ. ಅಪ್ಪ ಎದ್ದು ಬಂದು ನೋಡಿದ್ದರೂ ಗುರುತಿಸುತ್ತಿರಲಿಲ್ಲ.

ನೀಲವ್ವ ಮೂಸಿ ನೋಡಿದಳು. “ಎಂಥದೋ ವಾಸನಿ ಬರ್ತೈತ್ರಿ. ಹೊಸಾ ಬಾಗಲಕ್ಕ ಬಣ್ಣ ಹೊಡದಂಗ.”

“ಅದು ಗಟ್ಟಿತನದ ವಾಸನಿ” ಎಂದೆ.

ಅವ್ವ ಮತ್ತು ಬಸಮ್ಮನವರು ಮಧ್ಯಾಹ್ನದ ರೈಲಿಗೆ ಬಂದರು. ಅವ್ವ ಕಾಲು ತೊಳೆದವಳೇ ಅಡುಗೆಮನೆಗೆ ಹೋಗಿ, ನೀಲವ್ವ ಮತ್ತೆ ಕಟ್ಟಿದ್ದ ನೆಲುವಿನಿಂದ ಗಡಿಗೆಯನ್ನು ಇಳಿಸಿದಳು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

“ಯಾಕ, ಮಿಂಚಾಕತ್ತೈತಲ್ಲ?”

“ತಿಕ್ಕಿ ತೊಳದೇನವ್ವಾ” ಎಂದೆ.

ಅವ್ವನಿಗೆ ಎಷ್ಟು ಸಂತೋಷವಾಯಿತೆಂದರೆ ಬೀಗತಿಯ ಕಡೆ ತಿರುಗಿ, “ನೋಡ್ರಿ ನನ್ನ ಮಗಾ! ಗಂಡಸಾಗಿ ಗಡಿಗಿ ತಿಕ್ಕ್ಯಾನ” ಎಂದಳು. ಆಗ ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಒಲೆ ಹೊತ್ತಿತು, ಪುಂಡಿಸೊಪ್ಪು ಕುದಿಯತೊಡಗಿತು. ಗಡಿಗೆ ಸೋರಲಿಲ್ಲ. ಇಂಥ ವಿಜಯವನ್ನು ಒಬ್ಬನೇ ಇಟ್ಟುಕೊಂಡು ಕೂರುವುದು ಮನುಷ್ಯಮಾತ್ರದವನಿಗೆ ಸಾಧ್ಯವಿಲ್ಲ. ಯಾರಿಗಾದರೂ ಹೇಳಬೇಕು. ಮನೆಯಲ್ಲಿ ಹೇಳುವಂತಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹಕೀಮ ಸಾಹೇಬರ ಕಟ್ಟೆಗೆ ನಡೆದೆ.

“ಹೆಂಗದಾವ್ರಿ ಕೂದಲಾ?” ಎಂದರು ಹಕೀಮರು.

“ಹಕೀಮ ಸಾಬ್, ಆವತ್ತ ನಾ ಸುಳ್ಳ ಹೇಳಿದ್ದೆ” ಎಂದು ಶುರುಮಾಡಿದೆ. ಗಡಿಗೆ ಬಿದ್ದದ್ದು, ಹಿಟ್ಟಿನ ಅಂಟು, ಬೆಲ್ಲದ ಗಾರೆ ಎಲ್ಲವನ್ನೂ ಹೇಳಿದೆ. ಇರುವೆಗಳ ಕಥೆ ಬಂದಾಗ ಹಕೀಮರು ಗಡ್ಡ ಹಿಡಿದುಕೊಂಡು ನಕ್ಕರು. ತತ್ತಿಯ ಕಥೆಗೆ ಅವರ ಕಣ್ಣಲ್ಲಿ ನೀರು ಬಂತು. ನಾನು ಇನ್ನೂ ಹುರುಪಿನಿಂದ, “ಕಡೀಕ ಯಾವುದು ಹಿಡೀತು ಹೇಳ್ರಿ? ಸಫೇದಾ!” ಎಂದೆ.

ಹಕೀಮರ ನಗೆ ನಿಂತಿತು.

“ಸಫೇದಾ? ಅಡಗಿ ಗಡಿಗೀಗೆ?”

“ಹೌದ್ರಿ. ಒಂದ ಹನಿ ಸೋರಂಗಿಲ್ಲ.”

“ಯಾ ಅಲ್ಲಾ! ಮಾಸ್ತರ, ಅದು ಸೀಸದ ಪುಡಿರೀ. ಬಣ್ಣದ ಕೆಲಸ ಮಾಡವ್ರು ನನ್ನ ಕಡೆ ಹೊಟ್ಟಿ ಹಿಡಕೊಂಡ ಬರ್ತಾರ, ಕೈ ಎತ್ತಾಕ ಆಗಂಗಿಲ್ಲ ಅವರಿಗೆ. ಜಹರ್ ಐತಿ, ಜಹರ್! ಹುಳಿ ತಾಗಿದ್ರಂತೂ ಬಿಟಗೊಂಡ ಅಡಗ್ಯಾಗ ಇಳೀತೈತಿ. ಅದರಾಗ ಏನ ಮಾಡಾಕತ್ತೀರಿ?”

“ಪುಂಡಿಪಲ್ಯ” ಎಂದೆ.

“ಯಾವಾಗ?”

“ಈಗ!”

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ನಾನು ಓಡಿದೆ. ಒಂದು ಚಪ್ಪಲಿ ಹಕೀಮರ ಕಟ್ಟೆಯ ಕೆಳಗೇ ಉಳಿಯಿತು. ಹಿಂದೆ ಹಕೀಮರು, “ನಿಲ್ಲಸ್ರಿ, ಉಣಬ್ಯಾಡಂತ ಹೇಳ್ರಿ!” ಎನ್ನುತ್ತ ಬರುತ್ತಿದ್ದರು. ಓಣಿಯ ಜನ ಬೆಂಕಿ ಬಿದ್ದಿದೆಯೆಂದು ತಿಳಿದು ಕೊಡ ಹಿಡಿದು ಹೊರಗೆ ಬಂದರು. ಆ ಐವತ್ತು ಹೆಜ್ಜೆಯಲ್ಲಿ ನಾನು ನೆನೆದದ್ದು ಅವ್ವನನ್ನು, ನೀಲವ್ವನನ್ನು. ಆಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ, ಕುಡಿಯೂ ನೀರಿಂದೇನ್ರಿ ಎಂದು ಕೇಳಿದ ಆ ಮಿಸ್ತ್ರಿಯ ಮುಖವನ್ನು. ಹಕೀಮರಿಗೆ ಸುಳ್ಳು ಹೇಳಿದೆ, ಮಿಸ್ತ್ರಿಗೆ ಸುಳ್ಳು ಹೇಳಿದೆ, ಅವ್ವನಿಗೆ ಸುಳ್ಳು ಹೇಳಿದೆ. ಇವರಲ್ಲಿ ಒಬ್ಬರಿಗಾದರೂ ನಿಜ ಹೇಳಿದ್ದರೆ ಅವರು ಒಂದೇ ಮಾತಿನಲ್ಲಿ ನನ್ನನ್ನು ತಡೆಯುತ್ತಿದ್ದರು.

ಅಡುಗೆಮನೆಗೆ ನುಗ್ಗಿದೆ. ಬಸಮ್ಮನವರು ತಾಟಿನ ಮುಂದೆ ಕೂತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಅದರ ಮೇಲೆ ಶೇಂಗಾ ಎಣ್ಣೆ. ರೊಟ್ಟಿಯ ತುಣುಕಿನಲ್ಲಿ ಪಲ್ಯ ಹಿಡಿದ ಅವರ ಕೈ ಬಾಯಿಂದ ಒಂದು ಗೇಣು ದೂರದಲ್ಲಿತ್ತು. ಅವ್ವ ಎದುರಿಗೆ ಕೂತು, ಹತ್ತು ವರ್ಷದ ವಾದದ ತೀರ್ಪಿಗಾಗಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

ಆ ಹೊತ್ತಿನಲ್ಲಿ ಆಡಬಹುದಾದ ಎಲ್ಲ ಮಾತುಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಆರಿಸಿ ನಾನು ಕೂಗಿದೆ:

“ಉಣಬ್ಯಾಡ್ರಿ! ಅದು ವಿಷಾ!”

ಕೂಗಿ, ತಾಟನ್ನು ಎತ್ತಿಕೊಂಡೆ. ಬಸಮ್ಮನವರ ಕೈಯಿಂದ ತುತ್ತನ್ನೂ ಕಸಿದುಕೊಂಡೆ. ಬಸಮ್ಮನವರು ಅವ್ವನ ಕಡೆ ಮೆಲ್ಲಗೆ ತಿರುಗಿದರು.

“ನಾ ಬರೇ ಹುಳಿ ಅಂದಿದ್ದೆ, ಗೌರವ್ವಾ. ನಿನ್ನ ಮಗಾ ನನಗಿಂತಾ ಮುಂದ ಹೋದ.”

ಅವ್ವನ ಮುಖ ಹೇಗಾಯಿತೆಂಬುದನ್ನು ನಾನು ಬರೆಯಲಾರೆ. ಇಪ್ಪತ್ತು ವರ್ಷದ ಕೀರ್ತಿಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗ ಬೀಗತಿಯ ಎದುರಿಗೆ ವಿಷ ಎಂದು ಕರೆದಿದ್ದ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನೆಲುವಿನಿಂದ ಹಿಡಿದು ಮಿಸ್ತ್ರಿಯವರೆಗೆ. ನೀಲವ್ವ ಬಂದು ನನ್ನ ಪಕ್ಕದಲ್ಲಿ ನಿಂತು, “ನಾನೂ ಸುಮ್ಮಕಿದ್ದೆನವ್ವಾ” ಎಂದಳು. ಅವಳು ಹಾಗೆನ್ನಬೇಕಾಗಿರಲಿಲ್ಲ.

ಅವ್ವ ಬೈಯುತ್ತಾಳೆಂದು ತಲೆ ತಗ್ಗಿಸಿದ್ದೆ. ಅವಳು ಕೇಳಿದ್ದು ಬೇರೆ.

“ಆ ಪುಡಿ ನೀ ಕೈಲೇ ನಾದಿದೇನು?”

“ಹೌದವ್ವಾ.”

“ಅದ ಕೈಲೇ ಉಂಡಿ?”

“ತೊಳಕೊಂಡ ಉಂಡೇನಿ.”

“ಎಷ್ಟ ತೊಳಕೊಂಡಿ?” ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಹಿತ್ತಲಿನ ಕಲ್ಲಿನ ಹತ್ತಿರ ಕೂಡಿಸಿ, ಬೂದಿ ಹಾಕಿ ಉಗುರಿನ ಸಂದಿಯನ್ನೆಲ್ಲ ತಿಕ್ಕಿದಳು. ಮೂವತ್ತೈದು ವರ್ಷದ ಮಾಸ್ತರನ ಕೈಯನ್ನು ಅವ್ವ ತೊಳೆಯುವುದನ್ನು ಕೊಡ ಹಿಡಿದು ಬಂದ ಓಣಿಯ ಜನ ಗೋಡೆಯ ಮೇಲಿನಿಂದ ನೋಡಿದರು. ಬೆಂಕಿ ಇಲ್ಲವಾದರೂ ಬಂದದ್ದಕ್ಕೆ ಅವರಿಗೆ ನಷ್ಟವಾಗಲಿಲ್ಲ.

ಅಷ್ಟರಲ್ಲಿ ಹಕೀಮರು ನನ್ನ ಚಪ್ಪಲಿ ಹಿಡಿದುಕೊಂಡು, ಬೆಂಕಿ ಎಲ್ಲಿ ಎಂದು ಅಡ್ಡಗಟ್ಟಿದ ಜನರಿಂದ ಬಿಡಿಸಿಕೊಂಡು, ಏದುಸಿರು ಬಿಡುತ್ತ ಬಂದರು.

“ಯಾರರ ಉಂಡಾರೇನ್ರಿ?”

ಯಾರೂ ಉಂಡಿಲ್ಲವೆಂದು ಹೇಳುವಷ್ಟರಲ್ಲಿ ಅವ್ವ, “ಉಪ್ಪ ನೋಡಾಕ ನಾ ಒಂದಿಷ್ಟ ನಾಲಗಿ ಮ್ಯಾಲ ಇಟಗೊಂಡಿದ್ದೆ” ಎಂದಳು.

ಏಳಲು ಹೋದವನು ಕಲ್ಲಿನ ಮೇಲೆಯೇ ಕೂತುಬಿಟ್ಟೆ. ಹಕೀಮರು ಅವ್ವನ ನಾಡಿ ಹಿಡಿದರು, ಕಣ್ಣು ನೋಡಿದರು, ನಾಲಿಗೆ ನೋಡಿದರು. “ಹೆದರಬ್ಯಾಡ್ರಿ. ಒಂದ ಸಲ ನಾಲಗಿ ತುದಿಗೆ ಹಚಗೊಂಡ್ರ ಏನೂ ಆಗಂಗಿಲ್ಲ. ಇದು ದಿನಾ ದಿನಾ ಉಂಡ ಮೈಯಾಗ ಕೂಡೂ ಜಹರು. ಇವತ್ತ ತಿಳೀತಲ್ಲ, ಅದ ದೊಡ್ಡದು. ಬಾಯಿ ಮುಕ್ಕಳಸ್ರಿ, ಒಂದ ಲೋಟಾ ಹಾಲ ಕುಡೀರಿ” ಎಂದರು. ಬಸಮ್ಮನವರ ಕೈಯನ್ನೂ ತೊಳೆಸಿದರು.

ಅವರು ಹೇಳಿದ್ದು ಒಂದು ಲೋಟ. ನಾನು ಅವ್ವನಿಗೆ ಸಂಜೆಯೊಳಗೆ ಐದು ಲೋಟ ಹಾಲು ಕುಡಿಸಿದೆ. ಆರನೆಯದಕ್ಕೆ ಅವಳು, “ಸೀಸಾ ಬಿಟ್ರೂ ನೀ ಬಿಡಂಗಿಲ್ಲಲ್ಲೋ” ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ. ಅದೂ ಸುಳ್ಳೇ, ಆದರೆ ಅದರಿಂದ ಯಾರಿಗೂ ಅಪಾಯವಿರಲಿಲ್ಲ.

ಅಂದಿನ ಊಟವನ್ನು ಬಸಮ್ಮನವರೇ ಮಾಡಿದರು. ನಮ್ಮ ಒಲೆಯ ಮುಂದೆ ಕೂತು, ನಮ್ಮ ಕಡಲೆಹಿಟ್ಟಿನಿಂದ ಝುಣಕ ತಿರುವಿ, ಅವ್ವನಿಗೆ ಬಡಿಸಿ, “ಉಣ್ಣ, ಗೌರವ್ವಾ, ಇದಕ್ಕ ನಿನ್ನ ಮಗಾ ಕೈ ಹಚ್ಚಿಲ್ಲ” ಎಂದರು. ಪುಂಡಿಪಲ್ಯದ ಬಗ್ಗೆ ಅವರು ಮತ್ತೆ ಹುಳಿ ಎನ್ನಲಿಲ್ಲ. ಒಂದು ಗೇಣು ದೂರದಲ್ಲಿ ಬಿಟ್ಟು ಬಂದೆ, ವಾಸನೆಯಂತೂ ಭಾಳ ಛಲೋ ಇತ್ತು ಎಂದು ಗಂಗಾವತಿಯಲ್ಲಿ ಹೇಳಿದರಂತೆ. ಆ ಮಾತು ಕಿವಿಗೆ ಬಿದ್ದ ದಿನ ಅವ್ವ ನನಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು.

ಉಳಿದದ್ದು ಗಡಿಗೆ. ಹಕೀಮರು ಹೋಗುವಾಗ ಕಟ್ಟುನಿಟ್ಟಾಗಿ ಹೇಳಿದ್ದರು: ಅದನ್ನು ಹಾಗೇ ಬಿಸಾಡಕೂಡದು, ಯಾರಾದರೂ ಬಡವರು ಎತ್ತಿಕೊಂಡು ಹೋಗಿ ಅಡುಗೆ ಮಾಡಿಯಾರು. ಒಡೆದು, ಬಾವಿಯಿಂದ ದೂರ, ಆಳವಾಗಿ ಹೂಳಬೇಕು. ಮರುದಿನ ಬೆಳಿಗ್ಗೆ ನಾನು ಅದನ್ನು ಹಿತ್ತಲಿಗೆ ಒಯ್ದೆ. ಅವ್ವ ನೋಡಲಾರದೆ ಒಳಗೆ ಹೋದಳು. ನೀಲವ್ವ ಬಾಗಿಲಲ್ಲಿ ನಿಂತಳು.

ಎದೆಯ ಎತ್ತರದಿಂದ ಬಿಟ್ಟೆ. ಒಡೆಯಲಿಲ್ಲ. ಧಪ್ಪೆಂದು ಮಣ್ಣಿನಲ್ಲಿ ಕೂತಿತು. ತಲೆಯ ಮೇಲೆತ್ತಿ ಎಸೆದೆ. ಎರಡು ಸುತ್ತು ಉರುಳಿ ಹಸುವಿನ ಗೋದಲಿಗೆ ಹೋಗಿ ಒರಗಿತು. ನೆಲುವಿನಿಂದ ಒಂದೇ ಏಟಿಗೆ ಮೂರಾದ ಗಡಿಗೆ ಇದೇ ಏನು! ಕೊನೆಗೆ ಒಳಕಲ್ಲಿನ ಗುಂಡನ್ನು ತಂದು, ಎರಡು ಕೈಯಿಂದ ಎತ್ತಿ ಹಾಕಿದೆ. ಆಗ ಒಡೆಯಿತು. ಬಾಯಿ ಒಂದು ಕಡೆ, ಹೊಟ್ಟೆ ಹತ್ತು ಕಡೆ, ತಳ ನುಚ್ಚು. ಇಪ್ಪತ್ತು ವರ್ಷದ ಗಡಿಗೆ ಎಲ್ಲೆಲ್ಲಿ ಒಡೆಯಬಹುದೋ ಅಲ್ಲೆಲ್ಲ ಒಡೆಯಿತು, ನಾನು ಅಂಟಿಸಿದ ಜಾಗವೊಂದನ್ನು ಬಿಟ್ಟು!

ನೀಲವ್ವ ಬಂದು ಒಂದು ಚೂರನ್ನು ಕಡ್ಡಿಯಿಂದ ಹೊರಳಿಸಿದಳು. ನಡುವೆ ನನ್ನ ಬಿಳಿ ಗೆರೆ ನೆಟ್ಟಗೆ, ತೆಳ್ಳಗೆ, ಕೂದಲಷ್ಟೂ ಬಿರುಕಿಲ್ಲದೆ ನಿಂತಿತ್ತು. ಬಹಳ ಹೊತ್ತು ನೋಡಿದಳು.

“ಭಾಳ ಛಲೋ ಕೂಡಿಸಿದ್ರಿ ನೋಡ್ರಿ” ಎಂದಳು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ನಾನು ಸಲಿಕೆ ತೆಗೆದುಕೊಂಡು, ಬಾವಿಯಿಂದ ಸಾಕಷ್ಟು ದೂರದಲ್ಲಿ, ಸೊಂಟದಾಳದ ಗುಂಡಿ ತೋಡಿ, ಅದನ್ನು ಹೂಳಿದೆ.